ಹಳೆಯ ಬಡಾವಣೆಗಳಲ್ಲಿ ಬಹುಕುಟುಂಬ ವಸತಿ: ಬೆಂಗಳೂರಿನ ನಿದರ್ಶನ

ಒಂದೇ ನಿವೇಶನದ ಮೇಲೆ ಹಲವು ಸಂಸಾರಗಳು ಬೇರೆಬೇರೆಯಾಗಿ ಒಲೆ ಹೂಡಿ ವಾಸಿಸುವಂತೆ ಕಟ್ಟಿದ ಗೃಹಸಮುಚ್ಚಯಕ್ಕೆ ಬಹುಕುಟುಂಬ ವಸತಿಯೆಂದು ಹೆಸರು. ವಠಾರ, ಸಾಲುಮನೆ, ಮಹಡಿಯ ಬಿಡಾರ, ಈಚಿನ ಅಪಾರ್ಟ್‌ಮೆಂಟು ಇವೆಲ್ಲವೂ ಅದರ ಪ್ರಭೇದಗಳೇ. ಜನಸಂಖ್ಯೆ ವೃದ್ಧಿಹೊಂದುತ್ತಿರುವ ಯಾವ ನಗರವೂ ಇಂಥ ವಸತಿಯಿಲ್ಲದೆ ಬಾಳಲಾರದು. ಆದರೆ ಅದು ಬಂದು ನೆಲೆಗೊಳ್ಳಬೇಕಾದ ಸ್ಥಳವು ಹಲವು ತಲೆಮಾರುಗಳ ವಾಸದಿಂದ ಮರಗಿಡಗಳನ್ನೂ ದೇವಾಲಯ ಪಾಠಶಾಲೆಗಳನ್ನೂ ನೆರೆಹೊರೆಯ ನಡವಳಿಕೆಯನ್ನೂ ರೂಢಿಸಿಕೊಂಡು ತನ್ನದೇ ಆದ ಒಂದು ಶೀಲವನ್ನು ಪಡೆದ ಹಳೆಯ ಬಡಾವಣೆಯಾದಾಗ, ಹೊಸದಾಗಿ ಬರುವವರ ವಸತಿಯ ಹಕ್ಕಿಗೂ ಈಗಾಗಲೇ ಇರುವವರ ಪರಿಸರದ ಹಕ್ಕಿಗೂ ತಿಕ್ಕಾಟ ಒದಗುತ್ತದೆ. ಈ ತಿಕ್ಕಾಟ ಜಗತ್ತಿನ ದೊಡ್ಡ ನಗರಗಳಲ್ಲೆಲ್ಲ ಉಂಟು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆ, ಫ್ರೇಜರ್ ಟೌನ್, ಜಯನಗರಗಳಲ್ಲಿ ಅದರ ಎಲ್ಲ ಮುಖಗಳನ್ನೂ ಒಂದೆಡೆ ಕಾಣಬಹುದಾದ ಕಾರಣ ಈ ಲೇಖನದಲ್ಲಿ ಆ ಬಡಾವಣೆಗಳನ್ನೇ ಮುಖ್ಯ ಆಧಾರವಾಗಿ ಇಟ್ಟುಕೊಂಡಿದೆ.

ಬೆಂಗಳೂರಿನ ಹಳೆಯ ಬಡಾವಣೆಗಳು ಹುಟ್ಟಿದ್ದೇ ಜನಸಾಂದ್ರತೆಯ ಭಯದಿಂದ ಎಂಬುದನ್ನು ಮೊದಲು ನೆನೆಯಬೇಕು. 1898ರ ಆಗಸ್ಟ್ ತಿಂಗಳಲ್ಲಿ ನಗರಕ್ಕೆ ಕಾಲಿಟ್ಟ ಪ್ಲೇಗು, ಕೆಂಪೇಗೌಡನ ಕಾಲದಿಂದ ಬೆಳೆದು ಬಂದ ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಸಹಸ್ರಾರು ಜನರನ್ನು ಬಲಿತೆಗೆದುಕೊಂಡಿತು. ಗಾಳಿ ಬೆಳಕುಗಳಿಲ್ಲದ ಮನೆಗಳನ್ನು ಕೆಡವುವುದು, ಜನರನ್ನು ಊರ ಹೊರಗಿನ ಬಯಲಿಗೆ ಕಳುಹಿಸುವುದು, ಅಲ್ಲಿ ಹೊಸ ವಸತಿಗಳನ್ನು ರಚಿಸುವುದು, ಇವು ದಿವಾನ್ ಶೇಷಾದ್ರಿ ಅಯ್ಯರ್ ಅವರ ಸರಕಾರಕ್ಕೆ ಅನಿವಾರ್ಯವಾದ ಕಾರ್ಯಗಳಾದವು. ಪ್ಲೇಗ್ ಕಮಿಷನರಾಗಿದ್ದ ವಿ. ಪಿ. ಮಾಧವರಾಯರು ಅವುಗಳ ಭಾರವನ್ನು ಹೊತ್ತರು. 1890ರ ದಶಕದಲ್ಲಿ ಆಗಲೇ ಸಂಕಲ್ಪಿತವಾಗಿದ್ದ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು, ಮೊದಲನೆಯದು ಸುಮಾರು 291 ಎಕರೆಯಲ್ಲಿಯೂ ಎರಡನೆಯದು ಸುಮಾರು 440 ಎಕರೆಯಲ್ಲಿಯೂ, ಈ ವಿಪತ್ತಿನ ಒತ್ತಡದಿಂದ ತ್ವರಿತವಾಗಿ ಮೈದಳೆದವು. ದಂಡಿನ (ಕಂಟೋನ್ಮೆಂಟ್) ಪ್ರದೇಶದಲ್ಲಿ ಇದೇ ಉದ್ದೇಶದಿಂದ ಹುಟ್ಟಿದ ಬಡಾವಣೆಗೆ 1910ರಲ್ಲಿ ರೆಸಿಡೆಂಟ್ ಸ್ಟುವರ್ಟ್ ಫ್ರೇಜರನ ಹೆಸರನ್ನಿಟ್ಟರು. ನೇರವಾದ ಅಡ್ಡರಸ್ತೆಗಳು, ಮನೆಗಳ ಹಿಂಬದಿಯಲ್ಲಿ ಮಲಿನ ಸಾಗಿಸುವುದಕ್ಕೆ ಕನ್ಸರ್ವೆನ್ಸಿ ಗಲ್ಲಿಗಳು, ಪ್ರತಿಯೊಂದು ಮನೆಯ ಸುತ್ತಲೂ ಬಿಡಬೇಕಾದ ಖಾಲಿ ನೆಲ, ಅಲ್ಲಲ್ಲಿ ಉದ್ಯಾನ, ಇವು ಆಗಿನ ಯೋಜಕರ ದೃಷ್ಟಿಯಲ್ಲಿ ಭೋಗದ ಸಾಮಗ್ರಿಗಳಾಗಿರಲಿಲ್ಲ, ಪ್ರಾಣರಕ್ಷಣೆಯ ಸಾಧನಗಳಾಗಿದ್ದವು. ಜತೆಗೆ ಇನ್ನೊಂದು ಸಂಗತಿಯನ್ನೂ ಮುಚ್ಚದೆ ಹೇಳಬೇಕು: ಈ ಬಡಾವಣೆಗಳ ನಿವೇಶನಗಳನ್ನು ಜಾತಿಮತಗಳಿಗನುಸಾರವಾಗಿ ಭಾಗ ಭಾಗವಾಗಿ ವಿಂಗಡಿಸಿ ಹಂಚಲಾಯಿತು. ಆದುದರಿಂದ ಹಳೆಯ ಬಡಾವಣೆಯ ‘ಶೀಲ’ವನ್ನು ಕಾಪಾಡಬೇಕೆನ್ನುವಾಗ ಅದರ ಯಾವ ಅಂಶವನ್ನು ಕಾಪಾಡಬೇಕು, ಯಾವುದನ್ನು ಕಾಲಕ್ಕೆ ಬಿಟ್ಟುಕೊಡಬೇಕು ಎಂಬ ವಿವೇಚನೆ ಆರಂಭದಿಂದಲೇ ಅವಶ್ಯ.

ಆ ಕಾಲದ ಮಧ್ಯಮವರ್ಗದ ಒಂದು ಮನೆಯನ್ನು ಸಮೀಪದಿಂದ ನೋಡಿದರೆ ಯೋಜಕರ ಆಶಯ ಚೆನ್ನಾಗಿ ತಿಳಿಯುತ್ತದೆ. ಬೀದಿಯ ಅಂಚಿಗೆ ಎದೆಯೆತ್ತರದ ಕಾಂಪೌಂಡು ಗೋಡೆ. ಅದರೊಳಗೆ ನಾಲ್ಕು ಹೆಜ್ಜೆ ಅಂಗಳ, ಅಂಗಳದಲ್ಲಿ ಒಂದು ಪಾರಿಜಾತವೋ ಸಂಪಿಗೆಯೋ. ಮೆಟ್ಟಿಲೇರಿದೊಡನೆ ಕಲ್ಲುಕಂಬಗಳ ಜಗಲಿ, ಅದರ ನೆತ್ತಿಗೆ ಮರದ ಪಟ್ಟಿಗಳನ್ನು ಇಳಿಜಾರಾಗಿ ಜೋಡಿಸಿದ, ಜನ ‘ಮಂಕಿ ಟಾಪ್’ ಎಂದು ಕರೆಯುವ ಚೂಪು ಮುಡಿ. ಒಳಗೆ ಕೆಂಪು ಕಾವಿಯ ನುಣುಪಾದ ನೆಲ, ಮೇಲೆ ತೊಲೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಗಾರೆ ಹಾಕಿದ ಮದರಾಸು ತಾರಸಿ ಅಥವಾ ಮಂಗಳೂರು ಹೆಂಚು. ಹಿತ್ತಿಲಲ್ಲಿ ಬಾವಿ, ಬಟ್ಟೆ ಒಗೆಯುವ ಕಲ್ಲು, ಎರಡು ತೆಂಗು, ಒಂದು ಕರಿಬೇವು, ಅದರಾಚೆಗೆ ಗಲ್ಲಿ. ಜಗಲಿಯಲ್ಲಿ ಕುಳಿತವರಿಗೆ ಬೀದಿ ಕಾಣುತ್ತದೆ, ಬೀದಿಯಲ್ಲಿ ಹೋಗುವವರಿಗೆ ಜಗಲಿ ಕಾಣುತ್ತದೆ. ಮನೆಗೂ ಬೀದಿಗೂ ನಡುವೆ ಇದ್ದ ಈ ಪರಸ್ಪರ ದೃಷ್ಟಿಯೇ ಬಡಾವಣೆಯ ನಿಜವಾದ ಕಾವಲು. ಇಂಥ ಗೃಹಗಳ ರೇಖಾಚಿತ್ರಗಳನ್ನೂ ನಕ್ಷೆಗಳನ್ನೂ ಒಳಗೊಂಡ ಜ್ಯಾನೆಟ್ ಪಾಟ್ ಅವರ ಗ್ರಂಥ 1977ರಲ್ಲಿ ಪ್ರಕಟವಾಯಿತು. ಅದರಲ್ಲಿ ಕಾಣಬರುವಂಥ ಮನೆಗಳಲ್ಲಿ ಬಹುಪಾಲು ಈಗ ಇಲ್ಲ.

ಹಾಗೆಂದು ಈ ಬಡಾವಣೆಗಳಲ್ಲಿ ಒಂದು ಮನೆಗೆ ಒಂದೇ ಸಂಸಾರವೆಂಬ ನಿಯಮ ಎಂದಾದರೂ ನಡೆದಿತ್ತೆಂದು ಭಾವಿಸುವುದು ಚರಿತ್ರೆಗೆ ವಿರುದ್ಧ. ಬಸವನಗುಡಿ, ಚಾಮರಾಜಪೇಟೆ, ಶಂಕರಪುರ, ಮಲ್ಲೇಶ್ವರಗಳಲ್ಲಿ ವಠಾರಗಳು ಧಾರಾಳವಾಗಿದ್ದವು. ಒಂದೇ ಹೆಬ್ಬಾಗಿಲು, ಒಳಗೆ ಉದ್ದನೆಯ ಅಂಗಳ, ಅಂಗಳದ ಎರಡು ಬದಿಗೂ ನಡುಮನೆ, ಅಡುಗೆಮನೆ, ಮೋಟುಗೋಡೆಯ ಬಚ್ಚಲುಗಳನ್ನುಳ್ಳ ಎಂಟೋ ಹತ್ತೋ ಬಿಡಾರಗಳು, ಎಲ್ಲರಿಗೂ ಸೇರಿ ಒಂದು ಬಾವಿ ಅಥವಾ ಒಂದು ನಲ್ಲಿ, ಮುಂಭಾಗದಲ್ಲಿ ಮಾಲೀಕರ ಮನೆ. ಹಳ್ಳಿಯಿಂದ ಬಂದ ಗುಮಾಸ್ತರೂ ಉಪಾಧ್ಯಾಯರೂ ವಿದ್ಯಾರ್ಥಿಗಳೂ ನಗರಜೀವನದ ಮೊದಲ ಪಾಠ ಕಲಿತದ್ದು ಇಲ್ಲಿ. ದೊಡ್ಡ ಬಂಗಲೆಗಳಲ್ಲಿಯೂ ಹಿತ್ತಿಲ ಔಟ್‌ಹೌಸು ಬಾಡಿಗೆಗೆ, ಮೇಲಣ ಮಹಡಿ ಬಂಧುಗಳಿಗೆ. ಬಹುಕುಟುಂಬ ವಸತಿ ಈ ನೆಲಕ್ಕೆ ಪರದೇಶದಿಂದ ಬಂದದ್ದಲ್ಲ. ಬಡಾವಣೆಯ ಮೈಕಟ್ಟಿಗೆ ಒಗ್ಗಿದ ಬಹುಕುಟುಂಬ ವಸತಿಯೊಂದು ಇಲ್ಲಿ ಬಹುಕಾಲ ಬಾಳಿ ಕ್ರಮೇಣ ಕಣ್ಮರೆಯಾಯಿತು, ಅದರ ಜಾಗಕ್ಕೆ ಮೈಕಟ್ಟಿಗೆ ಒಗ್ಗದ ಇನ್ನೊಂದು ಬಂದಿತು. ಈಗಿನ ವಿವಾದವನ್ನೆಲ್ಲ ಈ ಬೆಳಕಿನಲ್ಲಿ ನೋಡುವುದು ಯುಕ್ತ.

ವಠಾರ ಅಳಿಯಲು ಕಾರಣಗಳು ಅನೇಕ. 1961ರ ಬಾಡಿಗೆ ನಿಯಂತ್ರಣ ಕಾಯಿದೆಯಿಂದ ಬಾಡಿಗೆದಾರನಿಗೆ ರಕ್ಷಣೆ ದೊರೆತದ್ದು ನಿಜವಾದರೂ, ಬಾಡಿಗೆ ಏರದ ಮನೆಯ ಸೂರನ್ನು ರಿಪೇರಿ ಮಾಡಿಸುವ ಆಸಕ್ತಿ ಮಾಲೀಕನಿಗೆ ಉಳಿಯಲಿಲ್ಲ. 1999ರ ಹೊಸ ಬಾಡಿಗೆ ಕಾಯಿದೆ ಬರುವ ಹೊತ್ತಿಗೆ ಎಷ್ಟೋ ವಠಾರಗಳು ಶಿಥಿಲವಾಗಿದ್ದವು. ಇತ್ತ ನಗರದ ಜನಸಂಖ್ಯೆ ಅಸಾಧಾರಣ ವೇಗದಿಂದ ಬೆಳೆಯಿತು. 1901ರಲ್ಲಿ ನಗರವೂ ದಂಡೂ ಕೂಡಿ ಸುಮಾರು 1.6 ಲಕ್ಷವಿದ್ದ ಜನ 1951ರಲ್ಲಿ ಸುಮಾರು 7.8 ಲಕ್ಷವಾಗಿ, 2011ರ ಜನಗಣತಿಯ ವೇಳೆಗೆ ಮಹಾನಗರಪಾಲಿಕೆಯ ಎಲ್ಲೆಯೊಳಗೆ 84 ಲಕ್ಷವನ್ನು ಮೀರಿದರು. 1945ರಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಜಯನಗರ, ರಾಜಾಜಿನಗರಗಳಂಥ ವಿಶಾಲ ಬಡಾವಣೆಗಳನ್ನು ರಚಿಸಿತು. 1976ರಲ್ಲಿ ಅದರ ಉತ್ತರಾಧಿಕಾರಿಯಾಗಿ ಬಂದ ಅಭಿವೃದ್ಧಿ ಪ್ರಾಧಿಕಾರವೂ 30×40, 40×60 ಅಡಿಗಳ ನಿವೇಶನಗಳನ್ನು ಹಂಚುವ ಪದ್ಧತಿಯನ್ನೇ ಮುಂದುವರಿಸಿತು. ಬೇಡಿಕೆಯ ಒಂದಂಶಕ್ಕೂ ಅದು ಸಾಲದಾಗಿ ಊರೊಳಗಿನ ನೆಲದ ಬೆಲೆ ಮನೆಯ ಬೆಲೆಯನ್ನು ಹಲವು ಮಡಿ ಮೀರಿತು. ಮಹಡಿಯೊಂದರಲ್ಲಿನ ಮನೆಯನ್ನು ಪ್ರತ್ಯೇಕ ಸ್ವತ್ತಾಗಿ ಕೊಳ್ಳಲು ಮಾರಲು 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆ ದಾರಿ ಮಾಡಿಕೊಟ್ಟಿತು.

ಇವೆಲ್ಲಕ್ಕಿಂತ ಸೂಕ್ಷ್ಮವಾದ, ಆದರೆ ಹಳೆಯ ಬಡಾವಣೆಯ ನಿವಾಸಿಗಳೆಲ್ಲರಿಗೂ ತಿಳಿದ ಕಾರಣವೆಂದರೆ ದಾಯವಿಭಾಗ. ತಾತ ಕಟ್ಟಿಸಿದ ಮನೆಗೆ ಮೊಮ್ಮಕ್ಕಳ ಕಾಲಕ್ಕೆ ಆರೋ ಎಂಟೋ ಹಕ್ಕುದಾರರು. ಇಬ್ಬರು ಊರಿನಲ್ಲಿ, ಒಬ್ಬರು ಮುಂಬಯಿಯಲ್ಲಿ, ಉಳಿದವರು ಅಮೆರಿಕದಲ್ಲಿ. ಪಿತ್ರಾರ್ಜಿತ ಸ್ವತ್ತಿನಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ ಶಾಸನ ಕರ್ನಾಟಕದಲ್ಲಿ 1994ರಿಂದಲೇ ಜಾರಿಯಲ್ಲಿದ್ದು, 2005ರಲ್ಲಿ ಇಡೀ ದೇಶಕ್ಕೆ ವ್ಯಾಪಿಸಿತು. ಬಹುಕಾಲ ತಡವಾಗಿ ಸಂದ ನ್ಯಾಯವದು. ಜಗಲಿ ಒಬ್ಬರಿಗೆ, ನಡುಮನೆ ಒಬ್ಬರಿಗೆ ಎಂದು ಹಂಚುವುದು ಸಾಧ್ಯವಿಲ್ಲದಾಗ, ನೆಲವನ್ನು ನೀವು ಕೊಡಿ, ಕಟ್ಟುವ ಖರ್ಚು ನಮ್ಮದು, ಆದ ಫ್ಲ್ಯಾಟುಗಳಲ್ಲಿ ಅರ್ಧ ನಿಮಗೆ ಅರ್ಧ ನಮಗೆ ಎಂಬ ಬಿಲ್ಡರನ ಜಂಟಿ ಅಭಿವೃದ್ಧಿ ಕರಾರು ಕುಟುಂಬದ ಜಗಳವನ್ನು ಕೋರ್ಟಿಗೆ ಹೋಗದಂತೆ ತಡೆಯುವ ಉಪಾಯವಾಗಿ ಒದಗಿತು. ಹೀಗೆ ಮನೆ ಕೆಡವಿದವರನ್ನು ಧನಲೋಭಿಗಳೆಂದು ಹಳಿಯುವವರು ಈ ಸಂಕಟವನ್ನು ಅರಿತಿಲ್ಲವೆಂದೇ ಹೇಳಬೇಕು. ಮೊಣಕಾಲು ನೋವಿನ ವೃದ್ಧ ದಂಪತಿಗಳಿಗೆ ಹಿತ್ತಿಲನ್ನು ಗುಡಿಸುವ ಆಳಿಲ್ಲ, ಸೋರುವ ತಾರಸಿಗೆ ಗಾರೆ ಹಾಕಬಲ್ಲ ಕೆಲಸಗಾರನಿಲ್ಲ. ಲಿಫ್ಟೂ ಕಾವಲುಗಾರನೂ ಇರುವ ಕಟ್ಟಡದಲ್ಲಿ, ಅದೇ ಅಡ್ಡರಸ್ತೆಯಲ್ಲಿ, ಅದೇ ದೇವಸ್ಥಾನದ ಗಂಟೆ ಕೇಳುವಂತೆ ಉಳಿಯಲು ಅವರಿಗೆ ದೊರೆಯುವ ಅವಕಾಶ ಅಲ್ಪವಾದುದಲ್ಲ.

ಕಟ್ಟಡದ ಪರಿಮಾಣವನ್ನು ನಿಯಂತ್ರಿಸುವ ಮುಖ್ಯ ಸಾಧನ ನೆಲವಿಸ್ತೀರ್ಣದ ಅನುಪಾತ, ಎಂದರೆ ಎಲ್ಲ ಅಂತಸ್ತುಗಳ ಒಟ್ಟು ವಿಸ್ತೀರ್ಣಕ್ಕೂ ನಿವೇಶನದ ವಿಸ್ತೀರ್ಣಕ್ಕೂ ಇರುವ ಪ್ರಮಾಣ, ಎಫ್‌.ಎ.ಆರ್. ಎಂದು ವ್ಯವಹಾರದ ಹೆಸರು. 40×60 ಅಡಿಯ, ಎಂದರೆ 2400 ಚದರಡಿಯ ನಿವೇಶನಕ್ಕೆ ಈ ಪ್ರಮಾಣ 1.75 ಎಂದಿದ್ದರೆ 4200 ಚದರಡಿ ಕಟ್ಟಬಹುದು; ನಾಲ್ಕು ಸಾಧಾರಣ ಮನೆಗಳಾದವು. ಲೆಕ್ಕವಾಗಿ ನೋಡಿದರೆ ಹಳೆಯ ವಠಾರಕ್ಕಿಂತ ಇದೇನೂ ಹೆಚ್ಚು ದಟ್ಟವಲ್ಲ. ಆದರೆ ಆ ನಾಲ್ಕು ಮನೆಗಳ ಕಾರುಗಳಿಗಾಗಿ ನೆಲದಂತಸ್ತನ್ನೆಲ್ಲ ಕಂಬಗಳ ಮೇಲೆ ಬರಿದಾಗಿ ಬಿಡಬೇಕಾಗುತ್ತದೆ. ಜಗಲಿಯಿದ್ದ ಕಡೆ ಸಿಮೆಂಟಿನ ಇಳಿಜಾರೂ ಕಬ್ಬಿಣದ ಗೇಟೂ ಬರುತ್ತವೆ. ಸಂಪು ತೋಡುವಾಗ ಹಿತ್ತಿಲ ಬಾವಿ ಮುಚ್ಚುತ್ತದೆ. ಬೇರು ಕತ್ತರಿಸಿದ ಮಾವು ಕಟ್ಟಡ ಮುಗಿಯುವ ಮೊದಲೇ ಒಣಗುತ್ತದೆ. ಮಳೆನೀರು ಇಂಗುತ್ತಿದ್ದ ಮಣ್ಣಿನ ಮೇಲೆ ಗೋಡೆಯಿಂದ ಗೋಡೆಯವರೆಗೆ ಕಾಂಕ್ರೀಟು ಹರಡುತ್ತದೆ. ನೆಲಮಹಡಿಯಲ್ಲಿ ಮನುಷ್ಯರೇ ಇಲ್ಲದ ಬೀದಿ ಹಗಲಿನಲ್ಲಿಯೂ ನಿರ್ಜನವಾಗಿ ತೋರುತ್ತದೆ. ಜನ ಬಂದುದರಿಂದ ಆದ ಹಾನಿ ಇದರಲ್ಲಿ ಸ್ವಲ್ಪವೇ. ವಾಹನಗಳಿಗೆ ನೆಲವನ್ನು ಒಪ್ಪಿಸಿದುದರಿಂದ ಆದುದೇ ಬಹುಭಾಗ. ಈ ಭೇದವನ್ನು ಗಮನಿಸದೆ ‘ಅಪಾರ್ಟ್‌ಮೆಂಟು ಬೇಕೋ ಬೇಡವೋ’ ಎಂದು ವಾದಿಸುವುದರಿಂದ ಪ್ರಯೋಜನ ಕಾಣದು.

ಭೂಮಿಯ ಕೆಳಗಣ ಸ್ಥಿತಿಯೂ ವಿಚಾರಾರ್ಹ. 1974ರಿಂದ ಬೆಂಗಳೂರಿಗೆ ಸುಮಾರು 100 ಕಿಲೊಮೀಟರ್ ದೂರದ ಕಾವೇರಿಯ ನೀರು ಬರುತ್ತಿದೆ. ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಆರಂಭವಾಯಿತು. ಅದೇ ವರ್ಷದ ಬೇಸಗೆಯಲ್ಲಿ ನಗರ ಅನುಭವಿಸಿದ ಜಲಕ್ಷಾಮದಲ್ಲಿ ಕೊಳವೆಬಾವಿಗಳನ್ನೇ ನಂಬಿದ್ದ ಹೊರವಲಯ ಹೆಚ್ಚು ಬಳಲಿತು. ಹಳೆಯ ಬಡಾವಣೆಗಳಿಗೆ ಕಾವೇರಿಯ ಕೊಳಾಯಿಯಿದ್ದುದರಿಂದ ಅವು ತಕ್ಕಮಟ್ಟಿಗೆ ಪಾರಾದವು. ನೀರು, ಒಳಚರಂಡಿ, ಬಸ್ಸು, ಶಾಲೆ, ಆಸ್ಪತ್ರೆಗಳು ಆಗಲೇ ಇರುವ ಕಡೆ ಜನ ನೆಲೆಸಲಿ ಎನ್ನುವವರ ವಾದಕ್ಕೆ ಇದು ಬಲವಾದ ಸಾಕ್ಷ್ಯ. ಪ್ರತಿಯಾಗಿ, ಒಂದು ಸಂಸಾರಕ್ಕೆಂದು ಹೂಳಿದ ಕೊಳವೆ ಎಂಟು ಸಂಸಾರಗಳ ಮಲಿನವನ್ನು ಹೊರಲಾರದೆ ಮಳೆಗಾಲದಲ್ಲಿ ಬೀದಿಗೆ ಉಕ್ಕುವುದೂ ಸುಳ್ಳಲ್ಲ. ಎರಡೂ ವಾದಗಳು ಸತ್ಯವಾಗಿರುವ ಕಾರಣ, ಕೊಳವೆಯ ಗಾತ್ರವನ್ನು ಅಳೆಯದೆ ಅಂತಸ್ತಿನ ಸಂಖ್ಯೆಯನ್ನು ನಿಗದಿಮಾಡುವ ಪದ್ಧತಿಯೇ ದೋಷವೆಂದು ಹೇಳಬೇಕಾಗುತ್ತದೆ.

ಇತರ ದೇಶಗಳ ಅನುಭವವನ್ನು ಸಂಗ್ರಹವಾಗಿ ನೋಡಬಹುದು. ಅಮೆರಿಕದ ಯೂಕ್ಲಿಡ್ ಗ್ರಾಮದ ಮೊಕದ್ದಮೆಯಲ್ಲಿ 1926ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ವಲಯವಿಂಗಡಣೆಯನ್ನು ಎತ್ತಿಹಿಡಿದಾಗ, ಬಿಡಿಮನೆಗಳ ಬೀದಿಗೆ ಬರುವ ಅಪಾರ್ಟ್‌ಮೆಂಟನ್ನು ಪರೋಪಜೀವಿಗೆ ಹೋಲಿಸಿತು. ಆ ತೀರ್ಪಿನ ನೆರಳಿನಲ್ಲಿ ಬೆಳೆದ ಏಕಕುಟುಂಬ ವಲಯಗಳು ಬಡವರನ್ನೂ ಕಪ್ಪು ಜನರನ್ನೂ ಹೊರಗಿಡುವ ಗೋಡೆಗಳಾದವೆಂಬುದು ಈಗ ಸರ್ವವಿದಿತ. 1931ರಲ್ಲಿ ಚಾರ್ಲ್ಸ್‌ಟನ್ ನಗರ ಹಳೆಯ ಬಡಾವಣೆಯನ್ನೇ ಸಮಗ್ರವಾಗಿ ರಕ್ಷಿಸುವ ಶಾಸನವನ್ನು ಮಾಡಿ ಅಲ್ಲಿ ಆ ಪದ್ಧತಿಗೆ ಮೊದಲಿಟ್ಟಿತು. ಬ್ರಿಟನ್ನಿನಲ್ಲಿ 1967ರ ಕಾಯಿದೆಯಿಂದ ಸಂರಕ್ಷಣಾ ಪ್ರದೇಶಗಳು ಹುಟ್ಟಿದವು. ಈಚೆಗೆ ಗಾಳಿ ತಿರುಗಿದೆ. ಮಿನಿಯಾಪೊಲಿಸ್ ನಗರ 2018ರ ಡಿಸೆಂಬರಿನಲ್ಲಿ ಅಂಗೀಕರಿಸಿದ ಯೋಜನೆಯಿಂದ ಏಕಕುಟುಂಬ ವಲಯಗಳನ್ನು ತೆಗೆದುಹಾಕಿ ಪ್ರತಿ ನಿವೇಶನದಲ್ಲಿಯೂ ಮೂರು ಮನೆಗಳಿಗೆ ಅವಕಾಶವಿತ್ತಿತು. ಆದರೂ ಹೊಸ ಮನೆಗಳಲ್ಲಿ ಬಹುಪಾಲು ಎದ್ದದ್ದು ಬಸ್ಸು ರೈಲುಗಳ ಮುಖ್ಯಮಾರ್ಗಗಳ ಬದಿಯ ದೊಡ್ಡ ಕಟ್ಟಡಗಳಲ್ಲಿ. ನ್ಯೂಜಿಲೆಂಡಿನ ಆಕ್ಲೆಂಡ್ 2016ರಲ್ಲಿ ತನ್ನ ವಸತಿ ನೆಲದ ಸುಮಾರು ಮುಕ್ಕಾಲು ಭಾಗದಲ್ಲಿ ಹೆಚ್ಚು ಕಟ್ಟಲು ಬಿಟ್ಟು, ಮರದ ಹಳೆಯ ಮನೆಗಳಿರುವ ಕೆಲವು ಒಳಬಡಾವಣೆಗಳನ್ನು ವಿಶೇಷ ಪ್ರದೇಶಗಳೆಂದು ಉಳಿಸಿಕೊಂಡಿತು.

ನಮ್ಮ ದೇಶದಲ್ಲಿ ಮುಂಬಯಿಯ 1995ರ ಪಾರಂಪರಿಕ ಕಟ್ಟಡಗಳ ನಿಯಮಾವಳಿ ಮೊದಲನೆಯದು. ಇನ್ನೂ ಹತ್ತಿರದ ಪ್ರಸಂಗವೆಂದರೆ ಚಂಡೀಗಢದ್ದು. ಲ ಕಾರ್ಬೂಸಿಯೆ ರೂಪಿಸಿದ ಆ ನಗರದ ಮೊದಲ ಘಟ್ಟದ, ಎಂದರೆ 1ರಿಂದ 30ರವರೆಗಿನ ಸೆಕ್ಟರುಗಳಲ್ಲಿ, ಒಂದು ಮನೆಯ ಪಾಲುಗಳನ್ನು ಬೇರೆಬೇರೆ ಜನರು ಕೊಂಡು ಅಂತಸ್ತಿಗೊಬ್ಬರಂತೆ ವಾಸಿಸುವ ಪರಿಪಾಟಿ ಬೆಳೆದಿತ್ತು. 2023ರ ಜನವರಿ 10ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಬಿ. ಆರ್. ಗವಾಯಿ ಮತ್ತು ಬಿ. ವಿ. ನಾಗರತ್ನ ಅವರು ಅದನ್ನು ನಿಷೇಧಿಸಿದರು. ಆ ತೀರ್ಪಿನಲ್ಲಿ, ಯೋಜನೆಯಿಲ್ಲದ ಬೆಳವಣಿಗೆಯಿಂದ ಒಂದು ಸುಂದರ ನಗರ ಹೇಗೆ ಹಾಳಾಗಬಲ್ಲದೆಂಬುದಕ್ಕೆ ಉದಾಹರಣೆಯಾಗಿ 2022ರ ಮಳೆಗೆ ಮುಳುಗಿದ ಬೆಂಗಳೂರನ್ನೇ ಹೆಸರಿಸಿ, ಶಾಸನಕರ್ತರೂ ಆಡಳಿತಗಾರರೂ ಆ ಎಚ್ಚರಿಕೆಗೆ ಕಿವಿಗೊಡಬೇಕೆಂದು ಹೇಳಿದೆ. ನಮ್ಮ ಊರು ಇನ್ನೊಂದು ಊರಿಗೆ ಎಚ್ಚರಿಕೆಯ ಪಾಠವಾದದ್ದು ಕನ್ನಡಿಗರು ನೋವಿನಿಂದ ಓದಬೇಕಾದ ಮಾತು. ಆದರೆ ಚಂಡೀಗಢದ ಪರಿಹಾರ ನಮಗೆ ಹಾಗೆ ಹಾಗೆಯೇ ಒಪ್ಪುವುದಿಲ್ಲ. ಅದು ಒಬ್ಬ ಶಿಲ್ಪಿ ಬರೆದ ಒಂದೇ ಕಾಲದ ಕೃತಿ. ಬಸವನಗುಡಿ ನೂರಾರು ಮೇಸ್ತ್ರಿಗಳು ನೂರು ವರ್ಷಗಳಲ್ಲಿ ಕಟ್ಟಿದ ಊರು, ಬದಲಾವಣೆಯೇ ಅದರ ಪ್ರಕೃತಿ.

ಕರ್ನಾಟಕದ ಶಾಸನವ್ಯವಸ್ಥೆಯಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ ಮೂಲಾಧಾರ. ಅದರನ್ವಯ ಬೆಂಗಳೂರಿಗೆ 1984ರಲ್ಲಿಯೂ 1995ರಲ್ಲಿಯೂ ಸಮಗ್ರ ಅಭಿವೃದ್ಧಿ ಯೋಜನೆಗಳು, 2007ರಲ್ಲಿ 2015ನೆಯ ಇಸವಿಯನ್ನು ಗುರಿಯಾಗುಳ್ಳ ಪರಿಷ್ಕೃತ ಮಹಾಯೋಜನೆ ಜಾರಿಗೆ ಬಂದವು. ಪುರಾತನ ಸ್ಮಾರಕಗಳಿಗೆ ಪ್ರತ್ಯೇಕ ಕಾಯಿದೆಯಿದೆ; ಆದರೆ ಜನ ವಾಸಿಸುವ ಮನೆಗಳ ಸಾಲನ್ನು ಸಾಲಾಗಿ ರಕ್ಷಿಸುವ ವ್ಯವಸ್ಥೆ ದುರ್ಬಲ. 2031ಕ್ಕಾಗಿ ಸಿದ್ಧಪಡಿಸಿ 2017ರಲ್ಲಿ ಪ್ರಕಟಿಸಿದ ಕರಡು ಯೋಜನೆಯಲ್ಲಿ ಮಲ್ಲೇಶ್ವರ, ಬಸವನಗುಡಿ ಮೊದಲಾದವುಗಳನ್ನು ಪಾರಂಪರಿಕ ವಲಯಗಳೆಂದು ಗುರುತಿಸಿತ್ತು. ಆ ಕರಡು ಅಂತಿಮ ರೂಪವನ್ನು ಪಡೆಯದೆಯೇ ಹಿಂದೆಗೆಯಲ್ಪಟ್ಟಿತು. ಈ ನಡುವೆ ಮೆಟ್ರೊ ರೈಲು 2014ರಲ್ಲಿ ಮಲ್ಲೇಶ್ವರದ ಸಂಪಿಗೆ ರಸ್ತೆಗೂ 2017ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿಗೂ ಬಂದು, ನಿಲ್ದಾಣಗಳ ಸುತ್ತ ಹೆಚ್ಚು ಎತ್ತರಕ್ಕೆ ಕಟ್ಟುವ ವಾದಕ್ಕೆ ಆಧಾರವನ್ನೊದಗಿಸಿದೆ. ರಕ್ಷಣೆಯ ಕೆಲಸವನ್ನು ಶಾಸನಕ್ಕಿಂತ ಹೆಚ್ಚಾಗಿ ನಾಗರಿಕರೇ ನಡೆಸಿದ್ದಾರೆ: 2009ರಲ್ಲಿ ಜಯನಗರದ ನಂದಾ ರಸ್ತೆಯ ಮರಗಳಿಗಾಗಿ, 2011ರಲ್ಲಿ ಸ್ಯಾಂಕಿ ರಸ್ತೆಯ ಅಗಲೀಕರಣದ ವಿರುದ್ಧ ಜನ ಬೀದಿಗಿಳಿದರು. ಈ ಹೋರಾಟಗಳು ಮರ ಮತ್ತು ರಸ್ತೆಗಳಿಗಾಗಿ ನಡೆದವೇ ಹೊರತು ಹೊಸ ನೆರೆಯವರ ವಿರುದ್ಧವಲ್ಲವೆಂಬುದು ಗಮನಾರ್ಹ. ಬಡಾವಣೆಯಲ್ಲಿ ಯಾವುದು ಅಮೂಲ್ಯವೆಂಬುದು ಜನಕ್ಕೆ ತಿಳಿದೇ ಇದೆ.

ಮೇಲಿನದೆಲ್ಲವನ್ನೂ ತೂಗಿ ನೋಡಿದರೆ ಸಮನ್ವಯದ ಮಾರ್ಗ ಅಸಾಧ್ಯವೆಂದು ತೋರುವುದಿಲ್ಲ. ರಕ್ಷಿಸಬೇಕಾದುದು ನೆಲ, ಮರ, ಬೀದಿಯ ಪ್ರಮಾಣ ಇವು. ನಿವಾಸಿಗಳ ಜಾತಿಯನ್ನೋ ವರಮಾನವನ್ನೋ ಅಲ್ಲ. ನಿವೇಶನದ ಒಂದು ಪಾಲು ಮಣ್ಣಾಗಿಯೇ ಉಳಿಯಬೇಕೆಂದೂ, ಬಲಿತ ಮರವನ್ನು ಉಳಿಸಿಕೊಂಡವನಿಗೆ ಅಷ್ಟು ನೆಲವನ್ನು ಮೇಲಂತಸ್ತಿನಲ್ಲಿ ಕಟ್ಟಿಕೊಳ್ಳಲು ಬಿಡಬೇಕೆಂದೂ ನಿಯಮವಿರಲಿ. ಎರಡು ಮೂರು ನಿವೇಶನಗಳನ್ನು ಕೂಡಿಸಿ ಒಂದೇ ದೊಡ್ಡ ಕಟ್ಟಡವೆಬ್ಬಿಸುವುದನ್ನು ಒಳಬೀದಿಗಳಲ್ಲಿ ತಡೆದು, ಮೆಟ್ರೊ ಮತ್ತು ಬಸ್ಸುಗಳ ಮುಖ್ಯಮಾರ್ಗಗಳ ಬದಿಯಲ್ಲಿ ಅದಕ್ಕೆ ಧಾರಾಳವಾಗಿ ಅವಕಾಶ ಕೊಡಬಹುದು. ನಿಲ್ದಾಣಕ್ಕೆ ಕಾಲುನಡಿಗೆಯ ದೂರದಲ್ಲಿ ಕಾರುನಿಲುಗಡೆಯ ಕಡ್ಡಾಯವನ್ನು ಸಡಿಲಿಸಿದರೆ ನೆಲಮಹಡಿಗೆ ಮತ್ತೆ ಮನುಷ್ಯರು ಬರುತ್ತಾರೆ, ಜಗಲಿಯೂ ಬರಬಹುದು. ಹಳೆಯ ಮನೆಯನ್ನು ಉಳಿಸಿಕೊಳ್ಳುವ ಮಾಲೀಕನು ಕಟ್ಟದೆ ಬಿಟ್ಟ ವಿಸ್ತೀರ್ಣದ ಹಕ್ಕನ್ನು ಬೇರೆಡೆಗೆ ಮಾರಿಕೊಳ್ಳಲು ವರ್ಗಾವಣೀಯ ಅಭಿವೃದ್ಧಿ ಹಕ್ಕೆಂಬ ವಿಧಾನ ಇದೆ. ರಸ್ತೆ ಅಗಲೀಕರಣಕ್ಕೆ ಬಳಸುವ ಆ ವಿಧಾನವನ್ನು ಮನೆಗಳ ರಕ್ಷಣೆಗೂ ಪ್ರಾಮಾಣಿಕವಾಗಿ ಬಳಸದೆ ಬರಿದೆ ಪಾರಂಪರಿಕ ಪಟ್ಟಿಗೆ ಸೇರಿಸುವುದು ಮಾಲೀಕನ ತಲೆಗೆ ದಂಡ ಹೊರಿಸಿದಂತೆ, ಅದನ್ನು ಅನ್ಯಾಯವೆಂದೇ ಹೇಳಬೇಕು. ದೊಡ್ಡ ಹಳೆಯ ಮನೆಯನ್ನು ಕೆಡವದೆ ಒಳಗೇ ಮೂರು ನಾಲ್ಕು ಬಿಡಾರಗಳಾಗಿ ಮಾರ್ಪಡಿಸುವುದಕ್ಕೆ ಸುಲಭವಾದ ಅನುಮತಿ ದೊರೆಯುವಂತಾದರೆ, ವಠಾರದ ಪದ್ಧತಿ ಈ ಕಾಲದ ಶೌಚ, ನೀರು, ಏಕಾಂತಗಳ ಅನುಕೂಲದೊಡನೆ ಮತ್ತೆ ಬಳಕೆಗೆ ಬರುತ್ತದೆ. ಈ ಕೊನೆಯ ಉಪಾಯಕ್ಕೆ ಖರ್ಚು ಎಲ್ಲಕ್ಕಿಂತ ಕಡಿಮೆ, ಫಲ ಹೆಚ್ಚು. ಅದರ ಕಡೆಗೆ ಅಧಿಕಾರಿಗಳ ಲಕ್ಷ್ಯ ಅತ್ಯಲ್ಪವಾಗಿರುವುದು ಶೋಚನೀಯ.

2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆ 2025ರಲ್ಲಿ ಜಾರಿಗೆ ಬಂದು ಒಂದು ಮಹಾನಗರಪಾಲಿಕೆಯ ಸ್ಥಾನದಲ್ಲಿ ಐದು ನಗರಪಾಲಿಕೆಗಳಾದವು. ಅದೇ ವರ್ಷದಲ್ಲಿಯೂ ನಗರದ ಕಟ್ಟಡಗಳಿಗೆ ಆಧಾರವಾಗಿದ್ದುದು ಗುರಿವರ್ಷ ಕಳೆದು ಒಂದು ದಶಕವಾದ 2007ರ ಮಹಾಯೋಜನೆಯೇ. ಹೊಸ ಯೋಜನೆಯನ್ನು ಬರೆಯುವವರು ಮಲ್ಲೇಶ್ವರಕ್ಕೂ ಬಸವನಗುಡಿಗೂ ಫ್ರೇಜರ್ ಟೌನಿಗೂ ಒಂದೇ ಕೋಷ್ಟಕವನ್ನು ಅನ್ವಯಿಸದೆ, ಆಯಾ ಬಡಾವಣೆಯ ಮರಗಳನ್ನೂ ಕೊಳವೆಗಳನ್ನೂ ಬಾಡಿಗೆಮನೆಗಳನ್ನೂ ಎಣಿಸಿ, ಮಾಲೀಕರೊಡನೆ ಬಾಡಿಗೆದಾರರನ್ನೂ ಕೂರಿಸಿಕೊಂಡು, ಬಡಾವಣೆಗೊಂದರಂತೆ ಸ್ಥಳೀಯ ಯೋಜನೆಗಳನ್ನು ರಚಿಸಬೇಕು. ಅವು ಸಿದ್ಧವಾಗುವವರೆಗೆ ಒಳಬೀದಿಗಳಲ್ಲಿ ನಿವೇಶನಗಳನ್ನು ಕೂಡಿಸುವ ಪರವಾನಗಿಗಳನ್ನು ತಡೆಹಿಡಿಯಬೇಕು.